ಅನ್‌ಸಬ್‌ಸ್ಕ್ರೈಬ್ ಒತ್ತಿ ಕೆಟ್ಟೆ

ಬೇಡದ ಮೇಲ್ ಬಂದರೆ ಅದರ ಕೆಳಗಿರುವ ಅನ್‌ಸಬ್‌ಸ್ಕ್ರೈಬ್ (ಇನ್ನು ಕಳಿಸಬೇಡಿ ಎನ್ನುವ ಲಿಂಕ್) ಒತ್ತಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಗೊತ್ತಿರುವ ಅಂಗಡಿ, ಬ್ಯಾಂಕಿನ ಜಾಹೀರಾತಿಗೆ ಅದು ಸರಿ ಸಾರ್. ಊರು ಹೆಸರು ಗೊತ್ತಿಲ್ಲದವರ ಮೇಲ್‌ಗೆ ಮಾತ್ರ ಬೇಡ. ಒತ್ತಿದರೆ, ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನಾವೇ ಕೂಗಿ ಹೇಳಿದ ಹಾಗೆ.

ನಾನು ಮೈಸೂರಿನ ಹೆಬ್ಬಾಳದಲ್ಲಿ ಸಣ್ಣ ಕಾರ್ಖಾನೆಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಆಫೀಸ್ ಮೇಲ್‌ನಲ್ಲಿ ಕಂಡಕಂಡದ್ದಕ್ಕೆಲ್ಲ ಅದನ್ನು ಒತ್ತಿದೆ. ತಿಂಗಳೊಳಗೆ ಕಸ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಈಗ ಸುಮ್ನೆ ಡಿಲೀಟ್ ಕೂಡ ಮಾಡುವುದಿಲ್ಲ, ತೆರೆಯದೆಯೇ 'ರಿಪೋರ್ಟ್ ಸ್ಪ್ಯಾಮ್' ಕೊಡುತ್ತೇನೆ. ಕಸದ ಮೇಲ್ ತಡೆಯುವ ಫಿಲ್ಟರ್ ಕಲಿಯುವುದು ಅದರಿಂದಲೇ ಅಲ್ವಾ?

ಆದರೆ ಸ್ಪ್ಯಾಮ್ ಫೋಲ್ಡರ್ ಮೇಲೂ ಒಂದು ಕಣ್ಣಿರಲಿ. ಜಿಮೇಲ್ ಅದನ್ನು 30 ದಿನಕ್ಕೆ ತಾನೇ ಅಳಿಸಿಬಿಡುತ್ತದೆ. ಮಂಡ್ಯದ ನಮ್ಮ ಹಳೆಯ ಗಿರಾಕಿಯ ಪರ್ಚೇಸ್ ಆರ್ಡರ್ ನಾಲ್ಕು ದಿನ ಅಲ್ಲೇ ಬಿದ್ದಿತ್ತು. ಅವರು ಫೋನ್ ಮಾಡಿ "ಏನ್ ಸ್ವಾಮಿ, ಮಾಲು ಕೊಡೋ ಮನಸ್ಸಿಲ್ವಾ?" ಅಂದಾಗಲೇ ಗೊತ್ತಾದದ್ದು. ಮತ್ತೆ ಸ್ಪ್ಯಾಮ್‌ಗೆ ಹೋಗದಿರಲಿ ಅಂತ ಅವರ ವಿಳಾಸವನ್ನು ಆವತ್ತೇ ಕಾಂಟ್ಯಾಕ್ಟ್ಸ್‌ಗೆ ಸೇರಿಸಿಕೊಂಡೆ.

ಜಿಎಸ್‌ಟಿ ನೋಟಿಸ್ ಅಂತ ಹೆದರಿಸುವ ಮೇಲ್ ಬಂದರೆ ಲಿಂಕ್ ಮುಟ್ಟುವುದಿಲ್ಲ, ನೇರ ಪೋರ್ಟಲ್‌ಗೆ ಹೋಗಿ ನೋಡುತ್ತೇನೆ. ಯಾರದ್ದಾದರೂ ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.