ಓಟಿಪಿ ಜೋರಾಗಿ ಹೇಳಬೇಕಂತೆ

"ಅಕ್ಕಾರ, ಓಟಿಪಿ ಬಂತೇನ್ರಿ? ಜೋರಾಗಿ ಹೇಳ್ರಿ, ಕೇಳವಲ್ದು."

ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಆನ್‌ಲೈನ್ ಸೆಂಟರ್. ಬೆಳಿಗ್ಗೆ ಹನ್ನೊಂದು ಗಂಟೆ. ಹಿಂದೆ ಏಳೆಂಟು ಜನ ನಿಂತಿದ್ದರು. ಪಹಣಿ ತೆಗೆಸೋರು, ಆಧಾರ್ ಪ್ರಿಂಟ್ ಬೇಕಾದೋರು. ಅವರೆಲ್ಲರ ನಡುವೆ ನಾನು ಫೋನನ್ನು ಕಿವಿಗೆ ಹಿಡಿದು, ಟಾಕ್‌ಬ್ಯಾಕ್, ಅಂದರೆ ಪರದೆ ಓದಿ ಹೇಳುವ ಫೋನಿನ ಸೌಲಭ್ಯ, ಓದಿದ ಆರು ಅಂಕಿಗಳನ್ನು ಕೂಗಿ ಹೇಳಿದೆ. ಅದಕ್ಕೂ ಮೊದಲು ಅಪ್ಪನ ವರಮಾನ, ನಮ್ಮ ಜಾತಿ, ನನ್ನ ಹುಟ್ಟಿದ ತಾರೀಖು, ಅಂಗವಿಕಲತೆ ಎಷ್ಟು ಪರ್ಸೆಂಟ್ ಅನ್ನೋದು, ಎಲ್ಲವನ್ನೂ ಹೇಳಿ ಆಗಿತ್ತು. ಪಾಸ್‌ವರ್ಡ್ ಸೆಂಟರಿನ ಹುಡುಗನೇ ಇಟ್ಟ. ಚೀಟಿ ಮೇಲೆ ಬರೆದು ಕೈಗೆ ಕೊಟ್ಟ. ಆ ಚೀಟಿ ನಾನು ಓದಲಾರೆ.

ಹುಡುಗ ಒಳ್ಳೆಯವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ನನ್ನನ್ನು ಅಲ್ಲಿಗೆ ಕಳಿಸಿದ ವೆಬ್‌ಸೈಟ್ ಮೇಲೆ.

ನನಗಿರೋದು ರೆಟಿನೈಟಿಸ್ ಪಿಗ್ಮೆಂಟೋಸಾ, ನಿಧಾನಕ್ಕೆ ನೋಟ ಕಸಿಯುವ ಕಣ್ಣಿನ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣೋದು ನಿಂತಿತು. ಆಮೇಲೆ ಪಕ್ಕದ ನೋಟ ಹೋಯಿತು. ಈಗ ಕಿಟಕಿ ಯಾವ ಕಡೆ ಇದೆ ಅನ್ನೋದಷ್ಟೇ ಗೊತ್ತಾಗುತ್ತದೆ. ಹಾಗಂತ ನಾನು ಸುಮ್ನೆ ಕೂತವಳಲ್ಲ. ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಕರೆಂಟ್ ಬಿಲ್ ನಾನೇ ಕಟ್ಟುತ್ತೇನೆ, ಫೋನಿನಲ್ಲೇ ದುಡ್ಡು ಕಳಿಸುತ್ತೇನೆ. ಗವಿಮಠದ ಜಾತ್ರೆಯ ನೂಕುನುಗ್ಗಲಲ್ಲಿ ಕೋಲು ಹಿಡಿದು ಒಬ್ಬಳೇ ಹೋಗಿ ಬಂದಿದ್ದೇನೆ. ಆದರೆ ಒಂದು ನೌಕರಿಯ ಅರ್ಜಿ ದಾಟಲು ಆಗಲಿಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಇದೆ. ಪರದೆ ಮೇಲೆ ಇರೋದನ್ನು ಓದಿ ಹೇಳುವ ಸಾಫ್ಟ್‌ವೇರ್, ಒಂದು ಪೈಸೆ ಕೊಡಬೇಕಿಲ್ಲ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು, ಅದನ್ನು ಕಟ್ಟಿದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಕನ್ನಡವನ್ನೂ ಓದುತ್ತದೆ. ಪುಟವನ್ನು ಸರಿಯಾಗಿ ಮಾಡಿದ್ದರೆ ಎಚ್ ಒತ್ತಿದರೆ ಸಾಕು, ಒಂದು ತಲೆಬರಹದಿಂದ ಇನ್ನೊಂದಕ್ಕೆ ಜಿಗಿಯುತ್ತೇನೆ. ಬಿ ಒತ್ತಿದರೆ ಬಟನ್, ಇ ಒತ್ತಿದರೆ ಬರೆಯುವ ಖಾನೆ. ಕಣ್ಣಿರುವವರು ಮೌಸ್ ಹುಡುಕೋ ಹೊತ್ತಿಗೆ ನನ್ನ ಕೆಲಸ ಮುಗಿದಿರುತ್ತದೆ.

ಈ ಅರ್ಜಿಗೆ ಮೂರು ರಾತ್ರಿ ಕೂತೆ. ಮೊದಲು ಅಧಿಸೂಚನೆ ಓದೋಣ ಅಂತ ಪಿಡಿಎಫ್ ತೆಗೆದೆ. ಎನ್‌ವಿಡಿಎ ಹೇಳಿದ್ದು ಒಂದೇ ಮಾತು: "ಬ್ಲ್ಯಾಂಕ್." ಕೆಳಗೆ ಹೋದೆ. "ಬ್ಲ್ಯಾಂಕ್." ಹದಿನಾಲ್ಕು ಪುಟವೂ ಬ್ಲ್ಯಾಂಕ್. ಯಾರೋ ಕಾಗದ ಪ್ರಿಂಟ್ ಹಾಕಿ, ಸಹಿ ಸೀಲು ಹಾಕಿ, ಸ್ಕ್ಯಾನ್ ಮಾಡಿ ಏರಿಸಿದ್ದಾರೆ. ಅದು ಬರಹ ಅಲ್ಲ, ಬರಹದ ಫೋಟೋ. ದೃಷ್ಟಿ ಇಲ್ಲದವರಿಗೆ ಎಷ್ಟು ಹುದ್ದೆ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಕೊಡುವ 371ಜೆ ಪ್ರಮಾಣಪತ್ರ ಯಾವ ನಮೂನೆಯಲ್ಲಿ ಬೇಕು, ಪರೀಕ್ಷೆ ಬರೆದುಕೊಡುವವರನ್ನು ಕರೆತರುವ ನಿಯಮ ಏನು, ಎಲ್ಲಾ ಆ ಫೋಟೋದೊಳಗೆ. ನನಗಾಗಿಯೇ ಬರೆದ ಸಾಲನ್ನು ನಾನೇ ಓದಲಾಗದ ಹಾಗೆ ಇಟ್ಟಿದ್ದಾರೆ.

ಇನ್ನೊಂದು ಪಿಡಿಎಫ್ ಇತ್ತು, ಪಠ್ಯಕ್ರಮದ್ದು. ಅದರಲ್ಲಿ ಅಕ್ಷರ ಇದ್ದವು, ಆದರೆ ಹಳೇ ನುಡಿ ಫಾಂಟಿನವು. ಕಣ್ಣಿಗೆ ಅದು ಚಂದದ ಕನ್ನಡ. ಕಂಪ್ಯೂಟರಿನ ಒಳಗೆ ಮಾತ್ರ ಇಂಗ್ಲಿಷ್ ಚಿಹ್ನೆಗಳ ರಾಶಿ. "ಕನ್ನಡ" ಎಂದು ಬರೆದ ಕಡೆ ಕಂಪ್ಯೂಟರ್‌ಗೆ ಸಿಗೋದು ಪಿ, ಕ್ಯೂ, ನಡುವೆ ಬ್ರಿಟನ್ನಿನ ಪೌಂಡ್ ಗುರುತು. ಅದನ್ನು ಗಟ್ಟಿಯಾಗಿ ಓದಿದರೆ ಹೇಗಿರುತ್ತೆ ಅಂತ ಒಮ್ಮೆ ಕೇಳಿಸಿಕೊಳ್ಳಿ. ಎರಡು ನಿಮಿಷಕ್ಕೆ ತಲೆ ಸಿಡಿಯುತ್ತದೆ. ಕನ್ನಡ ಅಕ್ಷರವನ್ನು ಎಲ್ಲಾ ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಗುರುತಿಸುವ ಪದ್ಧತಿ ಯುನಿಕೋಡ್. ಅದಕ್ಕೆ ಕನ್ನಡ ಬಂದದ್ದು 1991ರಲ್ಲಿ. ನಾನು ಆಗ ಹುಟ್ಟಿರಲಿಲ್ಲ.

ತಮ್ಮನಿಗೂ ಇದೇ ಕಾಯಿಲೆ, ಅವನಿಗೆ ಇನ್ನೂ ಸ್ವಲ್ಪ ಕಾಣುತ್ತದೆ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಓದಲು ನೋಡಿದ. ಬಿಳಿ ಮೇಲೆ ತಿಳಿ ಬೂದು ಅಕ್ಷರ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು ಅನ್ನೋದು 2008ರಿಂದ ಇರುವ ಅಂತರರಾಷ್ಟ್ರೀಯ ಮಾನದಂಡ. ಇಲ್ಲಿ ಅದರ ಗಾಳಿಯೂ ಸೋಕಿಲ್ಲ. ಮೇಲೆ ಎ ಪ್ಲಸ್, ಎ ಮೈನಸ್ ಬಟನ್ ಇದ್ದವು. ಒತ್ತಿದರೆ ಮೆನು ದೊಡ್ಡದಾಯಿತು, ಫಾರಂ ಹಾಗೇ ಉಳಿಯಿತು. "ಅಕ್ಕಾ, ಕಣ್ಣುರಿ ಬಂತು" ಅಂದು ಎದ್ದು ಹೋದ.

ಫಾರಂ ನಾನೇ ತುಂಬಲು ಕೂತೆ. ಹೆಸರಿನ ಖಾನೆಗೆ ಹೋದರೆ "ಎಡಿಟ್." ಮುಂದಿನದಕ್ಕೆ ಹೋದರೂ "ಎಡಿಟ್." ಯಾವುದು ತಂದೆ ಹೆಸರು, ಯಾವುದು ಊರು, ಯಾವುದೂ ಗೊತ್ತಾಗದು. ಪ್ರತಿ ಖಾನೆಗೆ ಒಂದು ಲೇಬಲ್ ಕೊಡುವುದು ಒಂದೇ ಒಂದು ಸಾಲಿನ ಕೆಲಸ. ಹುಟ್ಟಿದ ದಿನಾಂಕ ಟೈಪ್ ಮಾಡುವ ಹಾಗಿಲ್ಲ, ಕ್ಯಾಲೆಂಡರ್‌ನಿಂದಲೇ ಆರಿಸಬೇಕು. ನಾನು ಹುಟ್ಟಿದ್ದು 1997. "ಹಿಂದಿನ ತಿಂಗಳು" ಅನ್ನೋದನ್ನು ಮುನ್ನೂರಕ್ಕೂ ಜಾಸ್ತಿ ಸಲ ಒತ್ತಿದೆ. ನಿಜವಾಗಿ ಒತ್ತಿದೆ, ಎಣಿಸಿಕೊಂಡೇ ಒತ್ತಿದೆ. ಅಲ್ಲಿಗೆ ಮುಟ್ಟೋ ಹೊತ್ತಿಗೆ ಸಮಯ ಮುಗಿದು ಪುಟ ಲಾಗೌಟ್ ಆಯಿತು. ತುಂಬಿದ್ದೆಲ್ಲಾ ಹೋಯಿತು.

ಎರಡನೇ ರಾತ್ರಿ ಹೇಗೋ ಕೊನೆತನಕ ಬಂದೆ. ಅಲ್ಲಿ ಕ್ಯಾಪ್ಚಾ. ಡೊಂಕು ಅಕ್ಷರದ ಚಿತ್ರ, ಕೇಳಿಸಿಕೊಳ್ಳುವ ವ್ಯವಸ್ಥೆ ಇಲ್ಲ. ನಾನು ಮನುಷ್ಯಳು ಅಂತ ಸಾಬೀತು ಮಾಡಲು ಕಣ್ಣು ಬೇಕೇ ಬೇಕಂತೆ. ತಮ್ಮನನ್ನು ಎಬ್ಬಿಸಿದೆ. ಅವನು ಓದಿದ್ದು ತಪ್ಪಾಯಿತು. ಎಲ್ಲಿ ತಪ್ಪಾಯಿತು ಅಂತ ಪುಟ ಹೇಳಲಿಲ್ಲ, ಖಾನೆಯ ಸುತ್ತ ಕೆಂಪು ಗೆರೆ ಬಂತಂತೆ. ಕೆಂಪು ಗೆರೆಗೆ ದನಿ ಇರುತ್ತಾ?

ಮೂರನೇ ದಿನ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಮನೇಲಿ ಕಣ್ಣಿರೋರು ಯಾರಾದ್ರೂ ಇದ್ರೆ ಮಾಡಿಸ್ಕೊಳ್ಳಿ ಮೇಡಂ."

ಆ ಮಾತು ಇವತ್ತಿಗೂ ಕಿವಿಯಲ್ಲೇ ಇದೆ. ಮೇಡಂ ಅಂತ ಮರ್ಯಾದೆಯಿಂದಲೇ ಹೇಳಿದರು. ಆದರೆ ನನ್ನ ಅರ್ಜಿ, ನನ್ನ ಸಹಿ, ನನ್ನ ಪಾಸ್‌ವರ್ಡ್ ಬೇರೆಯವರ ಕೈಲಿ ಇರೋದೇ ಸರಿ ಅಂತ ಅವರಿಗೆ ಅನಿಸಿದ್ದು ಹೇಗೆ? ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನಿಂದ ದಿನಾ ಮೆಸೇಜ್ ಬರುತ್ತೆ. ಹೇಳದೆ ಹೇಗೆ ಬದುಕಬೇಕು ಅನ್ನೋದನ್ನು ನಮ್ಮಂಥವರಿಗೆ ಯಾರು ಹೇಳುತ್ತಾರೆ? ಹೆಣ್ಣುಮಗಳು ನಾನು. ನನ್ನ ನಂಬರ್, ವಿಳಾಸ, ಫೋಟೋ ಗುರುತಿಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿದೆ. ಅಳಿಸಿದರಾ ಇಲ್ಲವಾ, ನೋಡಿ ತಿಳಿಯಲು ನನ್ನಿಂದ ಆಗದು.

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ಇರೋದೇ ಇದಕ್ಕೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ನಮಗೂ ಎಟುಕಬೇಕು, ಅದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಗುರುತು ಖಾತ್ರಿ ಮಾಡುವ ಕೆವೈಸಿಗೆ ಕಣ್ಣು ಮಿಟುಕಿಸಿ ಅಂತ ಕೇಳಿದರೆ ಕಣ್ಣಿಲ್ಲದವರು ಏನು ಮಾಡಬೇಕು ಅನ್ನೋದು ಆ ಕೇಸಿನಲ್ಲಿ ಬಂದ ಪ್ರಶ್ನೆ. ತೀರ್ಪು ಓದಿ ನಾನು ಅತ್ತಿದ್ದೆ, ಖುಷಿಗೆ. ಆ ಖುಷಿ ದೆಹಲಿಯಿಂದ ಕೊಪ್ಪಳಕ್ಕೆ ಇನ್ನೂ ಬಂದಿಲ್ಲ.

ನಾವು ಕೇಳೋದು ಬೇರೆ ವೆಬ್‌ಸೈಟ್ ಅಲ್ಲ. ಇದ್ದದ್ದರಲ್ಲೇ ಖಾನೆಗೆ ಹೆಸರು ಕೊಡಿ. ಫೋಟೋ ಬದಲು ಯುನಿಕೋಡ್ ಬರಹ ಹಾಕಿ. ಹುಟ್ಟಿದ ದಿನ ಟೈಪ್ ಮಾಡಲು ಬಿಡಿ. ಏರಿಸುವ ಮೊದಲು ನಮ್ಮಲ್ಲಿ ಒಬ್ಬರನ್ನು ಕೂರಿಸಿ, ಮೌಸ್ ಮುಟ್ಟದೆ ತುಂಬಿಸಿ ನೋಡಿ. ಅರ್ಧ ಗಂಟೆಯಲ್ಲಿ ಎಲ್ಲಾ ತಪ್ಪು ಹೊರಗೆ ಬರುತ್ತವೆ.

ಅವತ್ತು ಸೆಂಟರಿನಿಂದ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆಗೆದೆ. ಆ ಹುಡುಗ ಇಟ್ಟ ಪಾಸ್‌ವರ್ಡ್ ತಮ್ಮನಿಂದ ಓದಿಸಿಕೊಂಡು, ಬೇರೆಯದು ಹಾಕೋಣ ಅಂತ ಕೂತೆ. ಪಾಸ್‌ವರ್ಡ್ ಬದಲಿಸುವ ಪುಟದಲ್ಲೂ ಅದೇ ಕ್ಯಾಪ್ಚಾ ಇದೆ. ತಮ್ಮ ನಾಲ್ಕು ಸಲ ನೋಡಿದ, ನಾಲ್ಕೂ ಸಲ ತಪ್ಪಾಯಿತು. ಆ ಚೀಟಿಯಲ್ಲಿರುವ ಪಾಸ್‌ವರ್ಡೇ ಇನ್ನೂ ನಡೀತಿದೆ.