ಹರಕೆ ದೇವರಿಗೆ, ಕಾಲು ಯಾರಿಗೆ?

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಜನ ನಡೆದೇ ಹೋಗುತ್ತಾರೆ, ಹತ್ತಿರಹತ್ತಿರ 300 ಕಿ.ಮೀ. ಎಂದು ಎದೆಯುಬ್ಬಿಸಿ ಹೇಳಿ ನೋಡಿ. ಈ ನೆದರ್ಲೆಂಡ್ಸಿನವರು ಅಚ್ಚರಿಯಿಂದ ಬಾಯಿ ಬಿಡುವುದಿಲ್ಲ. "ತಯಾರಿ ಎಷ್ಟು ತಿಂಗಳು?" ಎನ್ನುತ್ತಾರೆ. ಚುರುಕ್ಕೆನ್ನುತ್ತದೆ. ನಮ್ಮ ತಯಾರಿ ಎಂದರೆ ಹೊರಡುವ ಹಿಂದಿನ ಸಂಜೆ ಕೊಂಡ ಹೊಸ ಶೂ ತಾನೆ?

ಇಲ್ಲಿ ನೆದರ್ಲೆಂಡ್ಸಿನಲ್ಲಿ 1909ರಲ್ಲಿ ಶುರುವಾದ ನಾಲ್ಕು ದಿನದ ನಡಿಗೆಯೊಂದಿದೆ. ಜುಲೈನಲ್ಲಿ, ನೈಮೇಗನ್ ಊರಿನಲ್ಲಿ. ವಯಸ್ಸು ನೋಡಿ ದಿನಕ್ಕೆ 30, 40 ಇಲ್ಲವೇ 50 ಕಿ.ಮೀ. ಅದಕ್ಕೆ ಫೆಬ್ರವರಿಯಿಂದಲೇ ಕಾಲು ಪಳಗಿಸುತ್ತಾರೆ: ಮೊದಲು 10-15, ಎರಡು ವಾರಕ್ಕೊಮ್ಮೆ ನಾಲ್ಕೈದು ಕಿ.ಮೀ. ಏರಿಕೆ, ಪ್ರತಿ ನಾಲ್ಕನೇ ವಾರ ಮಾತ್ರ ಇಳಿಕೆ. ಜೂನ್ ಹೊತ್ತಿಗೆ ಶನಿವಾರ 40, ಭಾನುವಾರ ಮತ್ತೆ 30. ಗುಟ್ಟಿರುವುದು ಆ ಭಾನುವಾರದಲ್ಲಿ. ಒಂದು ದಿನ 40 ಯಾರಾದರೂ ನಡೆದಾರು, ಮರುದಿನ ಅದೇ ನೋಯುವ ಕಾಲಲ್ಲಿ ಹೊರಡುವುದೇ ಅಭ್ಯಾಸ. ಕೊನೆಯ ಎರಡು ವಾರ ವಿಶ್ರಾಂತಿಯ ನಡಿಗೆ ಮಾತ್ರ.

ನಮ್ಮವರು ಮೊದಲ ದಿನದ ಹುಮ್ಮಸ್ಸಿಗೇ 50 ದಾಟಿಸಿ, ಕುಣಿಗಲ್ ಬರುವಷ್ಟರಲ್ಲಿ ಕುಂಟುತ್ತಿರುತ್ತಾರೆ. ಬೊಬ್ಬೆ ಏಳುವುದು ಬರೀ ಉಜ್ಜಿದ್ದಕ್ಕಲ್ಲ. ಬೆವರಿಗೆ ಮೆತ್ತಗಾದ ಚರ್ಮ ಸಾಕ್ಸಿಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮುಂದಕ್ಕೆ ಜಾರುತ್ತದೆ, ನಡುವಿನ ಪದರ ಹರಿದು ನೀರು ತುಂಬುತ್ತದೆ. ಆದ್ದರಿಂದ ಹತ್ತಿಯ ಸಾಕ್ಸ್ ಬೇಡ, ತೆಳು ಉಣ್ಣೆಯದಿರಲಿ. ಶೂ ಸಂಜೆ ಕೊಳ್ಳಬೇಕು, ಊದಿದ ಕಾಲಿಗೆ ಅಳೆದು, ಹೆಬ್ಬೆರಳ ಮುಂದೆ ಒಂದು ಬೆರಳಗಲ ಬಿಟ್ಟು; ಇಲ್ಲದಿದ್ದರೆ ಚಾರ್ಮಾಡಿ ಘಾಟಿ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಚರ್ಮ ಬಿಸಿಯೆನಿಸಿದ ತಕ್ಷಣ ಕೂತು, ಒರೆಸಿ, ಸುಕ್ಕಿಲ್ಲದೆ ಟೇಪ್ ಹಚ್ಚಬೇಕು. "ಮುಂದಿನ ಊರಲ್ಲಿ ನೋಡೋಣ ಬಿಡಪ್ಪ" ಅಂದರೆ ಮುಗಿಯಿತು. ಬೊಬ್ಬೆಯನ್ನು ಸೂಜಿಯಲ್ಲಿ ಚುಚ್ಚಿ ಒಳಗೆ ದಾರ ಬಿಡುವುದಂತೂ ಕೀವಿಗೆ ಕರೆಯೋಲೆ.

ಹಾಗಂತ ಇಲ್ಲಿನವರೇನೂ ದೇವರಲ್ಲ. 2006ರಲ್ಲಿ ಮೊದಲ ದಿನದ ಬಿಸಿಲಿಗೇ ಇಬ್ಬರು ತೀರಿಕೊಂಡು ನಡಿಗೆಯನ್ನೇ ನಿಲ್ಲಿಸಬೇಕಾಯಿತು. ಬಿಸಿಲಲ್ಲಿ ಬರೀ ನೀರು ಕುಡಿಯುತ್ತಲೇ ಹೋದರೆ ರಕ್ತದ ಉಪ್ಪಿನಂಶ ಕುಸಿಯುತ್ತದೆ. ಅದಕ್ಕೆ ನಮ್ಮ ದಾರಿಬದಿಯ ಉಪ್ಪು ಮಜ್ಜಿಗೆಯೇ ವಾಸಿ, ಒಪ್ಪಲೇಬೇಕು. ಗಡುವು ಮೀರಿದವರನ್ನು ನೈಮೇಗನ್ ಮರುದಿನ ಸೇರಿಸಿಕೊಳ್ಳುವುದಿಲ್ಲ. ನಮ್ಮವರು ಶ್ರೀಶೈಲಕ್ಕೆ ನಡೆಯುವ ಹಾದಿಯಲ್ಲಾದರೆ ಹಿಂದುಳಿದವರನ್ನೇ ಕೈಹಿಡಿದು ಕೂರಿಸಿ, ರೊಟ್ಟಿ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ತಿಕ್ಕಿಸಿಕೊಳ್ಳಿ, ಬೇಡ ಎನ್ನಬೇಡಿ. ಬೆಳಗ್ಗೆ ಮಾತ್ರ ಸೋಪು ಹಾಕಿ ತೊಳೆಯಿರಿ, ಎಣ್ಣೆಗಾಲಿಗೆ ಟೇಪ್ ಅಂಟುವುದಿಲ್ಲ.