ಎಕ್ಸ್‌ಮಸ್ ಅಂದ್ರೆ ಕ್ರಿಸ್ತನ ಹೆಸರು ಅಳಿಸಿದಂಗಲ್ಲ

ಕೆಲವ್ರು ಕ್ರಿಸ್‌ಮಸ್‌ನ ಇಂಗ್ಲಿಷಲ್ಲಿ ಚಿಕ್ಕದಾಗಿ ಎಕ್ಸ್‌ಮಸ್ (Xmas) ಅಂತ ಬರೆಯೋದು ಕ್ರಿಸ್ತನ ಹೆಸರು ತೆಗೆದುಹಾಕೋಕೆ ಅಂಗಡಿಯವ್ರು ಮಾಡಿರೋ ಪ್ಲಾನು ಅಂದಿದಾರೆ, ಹಂಗೇನಿಲ್ಲ ಸಾರ್. ಅದ್ರಲ್ಲಿರೋದು ಇಂಗ್ಲಿಷ್ ಎಕ್ಸ್ ಅಲ್ವೇ ಅಲ್ಲ, ಗ್ರೀಕಿನ ಖೀ ಅನ್ನೋ ಅಕ್ಷರ, ಅವ್ರ ಭಾಷೇಲಿ ಕ್ರಿಸ್ತೋಸ್ ಅಂತ ಬರೆಯೋಕೆ ಶುರು ಮಾಡೋದೇ ಅದ್ರಿಂದ. ಹಿಂದೆ ಬೈಬಲ್ ಕೈಲಿ ನಕಲು ಮಾಡೋರು ದೇವ್ರು, ಯೇಸು, ಕ್ರಿಸ್ತ ಇಂಥ ಹೆಸರುಗಳ್ನ ಪೂರ್ತಿ ಬರೀತಿರ್ಲಿಲ್ಲ, ಎರಡ್ಮೂರು ಅಕ್ಷರ ಬರ್ದು ಮೇಲೊಂದು ಗೆರೆ ಎಳೀತಿದ್ರು, ಅದು ಹೆಸರಿಗೆ ಕೊಡೋ ಮರ್ಯಾದೆ ಆಗಿತ್ತು. ಚರ್ಚಲ್ಲಿ ಪಿ ಮೇಲೆ ಎಕ್ಸ್ ಕೂರ್ಸಿರೋ ಥರ ಒಂದು ಚಿಹ್ನೆ ಇರುತ್ತಲ್ಲ, ಖೀ ಮತ್ತೆ ರೋ, ಅದೂ ಇದೇ ಹೆಸರಿನ ಮೊದಲೆರಡು ಅಕ್ಷರಾನೇ. ಕವಿ ಬೈರನ್ 1811ರಲ್ಲೇ ಎಕ್ಸ್‌ಮಸ್ ಅಂತ ಬರ್ದಿದಾನೆ, ಆಗೆಲ್ಲಿತ್ತು ಮಾಲು, ಡಿಸ್ಕೌಂಟ್ ಸೇಲು? ಬಾಯಲ್ಲಿ ಎಕ್ಸ್‌ಮಸ್ ಅಂದ್ರೆ ಮಾತ್ರ ನಂಗೂ ಸರಿ ಅನ್ಸಲ್ಲ ಬಿಡಿ.